ಬೀಸುಕಲ್ಲಿನ ಬಿಸಿ

ಬಹಳ ಹಿಂದೆ, ನಮ್ಮ ಅಜ್ಜಿಯರ ಅಜ್ಜಿಯರೂ ಹುಟ್ಟುವ ಮೊದಲು, ಕೆಂದೂಳಿ ಎಂಬ ರಾಜ್ಯವಿತ್ತು. ಅಲ್ಲಿನ ತಾಯಂದಿರಿಗೆ ಒಂದು ರೂಢಿ. ಹಿಟ್ಟು ಬೀಸಿ ಮುಗಿಸಿದ ಕೂಡಲೇ ಬಿಸಿಯಾದ ಕಲ್ಲಿಗೆ ಅಂಗೈ ಒತ್ತಿ, ಆ ಬಿಸಿಯನ್ನು ಮಕ್ಕಳ ಕೆನ್ನೆಗೆ ಇಡುತ್ತಿದ್ದರು.

"ನನ್ನ ತೋಳಿನ ಕಸುವು ಕಲ್ಲಿಗೆ ಹೋಯ್ತು, ಕಲ್ಲಿಂದ ನಿನಗೆ ಬಂತು. ಎಲ್ಲೂ ಕಳೀಲಿಲ್ಲ ನೋಡು," ಎನ್ನುತ್ತಿದ್ದಳು ಸಿದ್ದವ್ವ, ಮಗಳು ಚೆನ್ನಿಗೆ.

ಒಂದು ದಿನ ಸೌದೆಗೆ ಹೋದ ಸಿದ್ದವ್ವ ಮರಳಲಿಲ್ಲ. ಅದಾದ ಸ್ವಲ್ಪ ದಿನಕ್ಕೆ ಧೂಮಜಟನೆಂಬ ಮಾಂತ್ರಿಕ ಬೆಟ್ಟದ ಮೇಲೆ ದೊಡ್ಡ ಬೀಸುಕಲ್ಲು ಕೂರಿಸಿದ. ಎತ್ತು ಬೇಡ, ನೀರು ಬೇಡ, ಕಲ್ಲು ತಾನೇ ತಿರುಗುತ್ತದೆ! ಹಿಟ್ಟು ಪುಕ್ಕಟೆ! ಜನ ಕುಣಿದಾಡಿ ತಮ್ಮ ಬೀಸುಕಲ್ಲುಗಳನ್ನು ಹಿತ್ತಿಲಿಗೆ ಎಸೆದರು. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರು ತಾನೆ ಪ್ರಶ್ನೆ ಕೇಳುತ್ತಾರೆ? ರಾಜನೂ ಕೇಳಲಿಲ್ಲ.

ಚೆನ್ನಿ ಬೆಳೆದಳು. ಸಂಜೆಯಾದರೆ ತಣ್ಣಗಿನ ಕೆನ್ನೆ ಮುಟ್ಟಿಕೊಂಡು ಅವ್ವನ ದಾರಿ ಕಾಯುತ್ತಿದ್ದಳು. ಅವ್ವನಿಲ್ಲದ ಮನೆ ಅವಳಿಗೆ ಬಹಳ ದೊಡ್ಡದಾಗಿತ್ತು. ಕೊನೆಗೊಂದು ಬೆಳಗ್ಗೆ, "ಕಸುವು ಸುಮ್ಮನೆ ಹುಟ್ಟೋದಿಲ್ಲ. ಆ ಕಲ್ಲಿಗೆ ಎಲ್ಲಿಂದ ಬರ್ತದೆ?" ಎಂದುಕೊಂಡು ಬೆಟ್ಟ ಹತ್ತಿದಳು.

ಬೀಸುಕಲ್ಲಿನ ಸುತ್ತ ಕೋಟೆ, ಅದಕ್ಕೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಕಲ್ಲಾದ ಕುದುರೆ. "ನನ್ನ ಓಟ ಎಲ್ಲಿ ಹೋಯಿತು? ಹೇಳದಿದ್ದರೆ ನೀನೂ ಕಲ್ಲಾಗುತ್ತೀ."

ಚೆನ್ನಿ ನೆಲಕ್ಕೆ ಕಿವಿಯಿಟ್ಟಳು. ಬೀಸುಕಲ್ಲಿನ ಗುಡುಗಿನೊಳಗೆ ಗೊರಸಿನ ಸದ್ದು. "ಕಳೆದಿಲ್ಲಪ್ಪಾ, ಕಲ್ಲಲ್ಲಿ ತಿರುಗ್ತಿದೆ." ಬಾಗಿಲು ತೆರೆಯಿತು.

ಎರಡನೆಯದರಲ್ಲಿ ಕಲ್ಲಾದ ಆನೆ. "ನನ್ನ ಬಲ ಎಲ್ಲಿ ಹೋಯಿತು?"

"ಕಳೆದಿಲ್ಲಪ್ಪಾ, ಕಲ್ಲಲ್ಲಿ ತಿರುಗ್ತಿದೆ."

ಮೂರನೆಯದರಲ್ಲಿ ತಣ್ಣಗಾದ ಬೆಂಕಿಹಾವು. "ನನ್ನ ಕಾವು ಎಲ್ಲಿ?"

"ಅದೂ ಅಲ್ಲೇ."

"ಹಾಗಾದರೆ ಕೇಳು," ಎಂದಿತು ಹಾವು. "ಕಲ್ಲಿನೊಳಗೆ ಎಲ್ಲರಿಗಿಂತ ಮೊದಲು ಸಿಕ್ಕಿಬಿದ್ದವರು ಯಾರೆಂದು ಗುರುತಿಸಿ ಹೇಳು. ಮಾಯೆ ಮುರಿಯುತ್ತದೆ."

ಬಾಗಿಲು ತೆರೆಯಿತು. ಒಳಗೆ ಬೀಸುಕಲ್ಲಿನ ಪಕ್ಕ ನಿಂತಿದ್ದ ಧೂಮಜಟ ನಕ್ಕ. "ಯಾರೂ ಇಲ್ಲ, ಹುಡುಗಿ. ಅದು ತಾನೇ ತಿರುಗುತ್ತದೆ."

ಚೆನ್ನಿ ಕಲ್ಲಿಗೆ ಅಂಗೈ ಒತ್ತಿ ಕೆನ್ನೆಗಿಟ್ಟುಕೊಂಡಳು. ದುಃಖ ಉಕ್ಕಿ ಬಂತು. "ಇದು ನಮ್ಮವ್ವನ ಬಿಸಿ!"

ಕಲ್ಲು ನಿಂತಿತು. ಕುದುರೆ ಓಡಿತು, ಆನೆ ಘೀಳಿಟ್ಟಿತು, ಹಾವು ಹೊಳೆಯಿತು. ಧೂಮಜಟನಲ್ಲಿ ಸ್ವಂತದ್ದೆಂಬ ಕಸುವು ಒಂದಿಷ್ಟೂ ಇರಲಿಲ್ಲ. ಹೊಟ್ಟಾಗಿ ಹಾರಿಹೋದ. ಕಲ್ಲಿನೊಳಗಿಂದ ಸಿದ್ದವ್ವ ಜಾರಿ ಬಿದ್ದಳು. ಮೈ ತಣ್ಣಗಿತ್ತು, ಕಣ್ಣು ಮುಚ್ಚಿತ್ತು.

ಚೆನ್ನಿ ಅವ್ವನನ್ನು ಆನೆಯ ಮೇಲೆ ಊರಿಗೆ ತಂದಳು. "ನೀವು ಬೀಸದೆ ಉಳಿಸಿಕೊಂಡ ಕಸುವೆಲ್ಲ ನಮ್ಮವ್ವಂದು. ಕೊಡ್ರಿ!" ಎಂದು ಅತ್ತಳು.

ಜನ ತಲೆ ತಗ್ಗಿಸಿದರು. ಹಿತ್ತಿಲಿಂದ ಕಲ್ಲುಗಳು ಬಂದವು. ಒಬ್ಬೊಬ್ಬರೂ ಬೀಸಿ, ಬಿಸಿ ಅಂಗೈಯನ್ನು ಸಿದ್ದವ್ವನ ಕೈಗೆ, ಕಾಲಿಗೆ ಇಟ್ಟರು. ರಾಜನೂ ಏದುಸಿರು ಬಿಡುತ್ತ ಬೀಸಿದ. ಕೊನೆಗೆ ಚೆನ್ನಿ ಬೀಸಿ ಅವ್ವನ ಕೆನ್ನೆಗೆ ಕೈಯಿಟ್ಟಳು.

ಸಿದ್ದವ್ವ ಕಣ್ಣು ಬಿಟ್ಟಳು. "ಚೆನ್ನೀ... ಇಷ್ಟು ದೊಡ್ಡೋಳಾದೆಯಾ?"

ಅಂದಿನಿಂದ ಕೆಂದೂಳಿಯ ಜನ ತಮ್ಮ ಹಿಟ್ಟು ತಾವೇ ಬೀಸಿಕೊಂಡು ಸುಖವಾಗಿದ್ದರು. ಹೋದದ್ದೆಲ್ಲ ಮರಳಿತ್ತು, ವರುಷಗಳ ಹೊರತು. ಸಿದ್ದವ್ವ ಮೊದಲ ಸಲ ಬೀಸಿ ಎದ್ದು ಬಿಸಿ ಅಂಗೈ ಚಾಚಿದಾಗ, ಬೆಳೆದು ನಿಂತ ಮಗಳ ಕೆನ್ನೆ ಎಟುಕಲಿಲ್ಲ. ಚೆನ್ನಿ ಬಗ್ಗಿದಳು.