ದೂರಿಲ್ಲದ ಕೈ

ಮೌನೇಶ ಬಡಿಗೇರನ ಬಲಗೈ ತೇಗದ ಬಾಗಿಲಿನ ಮೇಲೆ ಗಿಳಿಯೊಂದನ್ನು ಕೆತ್ತುತ್ತಿತ್ತು. ಮೊಣಕೈಯಿಂದ ಕೆಳಗೆ ಅದು ಲೋಹ; ಆದರೆ ನರದ ಸಣ್ಣ ಮಿಡಿತವನ್ನೂ ಅರಿತು ಉಳಿಯನ್ನು ಕೂದಲೆಳೆಯಷ್ಟು ಸರಿಸಬಲ್ಲ ಲೋಹ. ಕೊಕ್ಕಿನ ತುದಿಗೆ ಬಂದಾಗ ಬೆರಳುಗಳು ನಿಂತುಬಿಟ್ಟವು. ಮಣಿಕಟ್ಟಿನ ಪುಟ್ಟ ಪರದೆಯಲ್ಲಿ ಒಂದು ಸಾಲು ಮೂಡಿತು: 'ಈ ಪ್ರೊಸೆಸರ್ ಬಳಕೆಯಲ್ಲಿಲ್ಲ.'

ಮರುದಿನ ಅವನು ಧಾರವಾಡದ ಕೃತಕಾಂಗ ಪ್ರಯೋಗಾಲಯದಲ್ಲಿ ಡಾ. ನಾಗವೇಣಿಯವರ ಮುಂದೆ ಕುಳಿತಿದ್ದ. ಹನ್ನೊಂದು ವರ್ಷದ ಹಿಂದೆ ಈ ಕೈ ಮೊದಲು ಹಿಡಿದದ್ದು ಅವರ ಅಂಗೈಯನ್ನೇ. 'ನಾನಿರೂತನಕ ಇದು ನಿಲ್ಲೂದಿಲ್ಲ' ಎಂದಿದ್ದರು.

"ನಿಮ್ಮ ಮಾತು ನಂಬಿ ಲಗ್ನದ ಮನಿ ಬಾಗಲಾ ಒಪ್ಪಿಕೊಂಡೇನ್ರಿ ಅಕ್ಕಾರ. ಈ ಕೈ ಇಲ್ಲಂದ್ರ ನಾ ಬಡಿಗ್ಯಾನ ಅಲ್ಲ."

ಎಲ್ಲ ಕೃತಕ ಕೈಗಳಲ್ಲೂ ಓಡುವುದು ಒಂದೇ ಕರ್ನೆಲ್, ಎಂದರೆ ತಿರುಳು ತಂತ್ರಾಂಶ. ಆದರೆ ಪ್ರೊಸೆಸರ್‌ಗಳು ನಾಲ್ಕು ಜಾತಿ. ಒಂದಕ್ಕೆ ಬರೆದ ಆದೇಶ ಇನ್ನೊಂದಕ್ಕೆ ತಿಳಿಯದು. ಪ್ರತಿ ಜಾತಿಗೂ ತಿರುಳನ್ನು ಬೇರೆಯಾಗಿ ಕಟ್ಟಬೇಕು, ಬೆರಳಾಡಿಸುವ ಡ್ರೈವರ್ ತಂತ್ರಾಂಶವನ್ನೂ ಬೇರೆಯಾಗಿ ಬರೆಯಬೇಕು. ಮೌನೇಶನದು ಎಲ್ಲಕ್ಕಿಂತ ಹಳೆಯ ಜಾತಿ.

"ನಿನ್ನಿ ಎಲ್ಲಾ ಕೈಗೂ ಹೊಸಾ ತಿರುಳು ಹೋಗೇತಿ. ಅದರಾಗ ನಿಮ್ಮ ಕೈಯಾಗಿನ ಜಾತಿ ತಗದಾರ," ಎಂದರು ನಾಗವೇಣಿ.

"ಯಾರ್ರಿ?"

ನಾಗವೇಣಿ ಮೇಜಿನ ಮೇಲಿನ ಪರದೆಯನ್ನು ಅವನತ್ತ ತಿರುಗಿಸಿದರು. "ನಾನ. ಮೂರು ವರ್ಷ ಒಂದೂ ದೂರು ಬರಲಿಲ್ಲಂದ್ರ ಆ ಜಾತಿ ಯಾರ ಕಡೆನೂ ಉಳದಿಲ್ಲ ಅಂತ ನಿಯಮ ಬರದಾಕಿ ನಾನ. ನಿಮ್ಮ ಕೈಯಾಗ ಒಂದೂ ದೋಷ ಬರಲಿಲ್ಲೇನು?"

ಬಂದಿತ್ತು. ಎರಡು ಸಲ ಕಿರುಬೆರಳು ನಡುಗಿತ್ತು. ದೂರು ಕೊಟ್ಟರೆ ನಾಗವೇಣಿ ಅಕ್ಕನ ಹೆಸರಿಗೆ ಹೋಗುತ್ತದೆ, ಮೇಲಿನವರು ಬೈದಾರು ಎಂದು ಅವನು ಬೆರಳಿಗೆ ನೂಲು ಸುತ್ತಿಕೊಂಡೇ ಕೆಲಸ ಮುಗಿಸಿದ್ದ. ಈಗ ಅದನ್ನು ಹೇಳಬೇಕೆನಿಸಲಿಲ್ಲ.

"ಸುಮ್ನಿದ್ದವನ್ನ ಸತ್ತಾನಂತ ಬರಕೊಂಡ್ರಿ?"

"ಈಗರೆ ಒಂದು ದೂರು ಬರೀರಿ. ಯಾವುದರೆ ಆಗ್ಲಿ. ನಾ ಒಪ್ಪಿದ್ರ ಯಂತ್ರ ನಿಮ್ಮ ತಿರುಳು ಮತ್ತ ಕಟ್ಟತೈತಿ."

ಅವನು ಎಡಗೈಯ ಒಂದೇ ಬೆರಳಿನಿಂದ ಒತ್ತಿದ: 'ಡಾ. ನಾಗವೇಣಿ ಮಾತಿಗೆ ತಪ್ಪಿದರು.'

ಪರದೆ ಕೇಳಿತು: 'ದೋಷ ನಿಜವೇ?'

ನಾಗವೇಣಿ 'ಹೌದು' ಒತ್ತಿದರು.

ಒಂದು ತಾಸಿನ ಬಳಿಕ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ನಾಗವೇಣಿ ಹಿಂದಿನಂತೆಯೇ ಅಂಗೈ ಚಾಚಿದರು. "ಹಿಡೀರಿ, ನೋಡೂಣು."

ಮೌನೇಶ ಅದನ್ನು ನೋಡಿದ. ಚೀಲದಿಂದ ಉಳಿ ತೆಗೆದು ಲೋಹದ ಕೈಯಲ್ಲಿ ಹಿಡಿದು, ಎದ್ದು ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಕಿರುಬೆರಳು ನಡಗತೈತಿ," ಎಂದ. "ಬರಕೋರಿ."