ಪರದೆಯಲ್ಲಿ ಉಳಿದ ಮೇಡಂ

ಟಿವಿ ಹೊಸದಾಗಿದ್ದ ಕಾಲ. ಶಿಕಾಗೋದ ಸ್ಟುಡಿಯೋ ಒಂದರಿಂದ ಮಧ್ಯಾಹ್ನದ ಅಡುಗೆ ಕಾರ್ಯಕ್ರಮ ನೇರವಾಗಿ ಪ್ರಸಾರವಾಗುತ್ತಿತ್ತು. ನಾನು ಅಲ್ಲಿ ಪಾತ್ರೆ ಜೋಡಿಸುತ್ತಿದ್ದೆ. ದೀಪಗಳ ಧಗೆಗೆ ಬೆಣ್ಣೆ ಕರಗಿ ಹೋಗುತ್ತಿತ್ತು. ಒಂದು ದಿನ ಮಾತ್ರ ಅದು ಕಲ್ಲಿನಂತೆ ಗಟ್ಟಿಯಾಗಿತ್ತು.

"ವರ್ನಾ, ಮೇಡಂ ಹಿಂದೆ ನಿಂತಿರೋ ಮುದುಕಿ ಯಾರೇ?" ಎಂದು ಕ್ಯಾಮೆರಾದ ಎಮಿಲ್ ಪಿಸುಗುಟ್ಟಿದ.

ಒಲೆಯ ಬಳಿ ಕಾರ್ಯಕ್ರಮ ನಡೆಸುವ ಹರ್ಮಿನ್ ಮೇಡಂ ಒಬ್ಬರೇ ಇದ್ದರು. "ಹಗಲಲ್ಲೇ ಕುಡಿದಿದ್ದೀಯಾ?" ಎಂದೆ. ಅವನು ಪಕ್ಕದ ಟಿವಿ ಪರದೆ ತೋರಿಸಿದ. ಅದರಲ್ಲಿ ಮುದುಕಿಯೊಬ್ಬಳು ಮೇಡಂ ಕಿವಿಯಲ್ಲಿ ಏನೋ ಹೇಳುತ್ತಿದ್ದಳು.

ಮೇಡಂ ಥಟ್ಟನೆ ಮಾತು ನಿಲ್ಲಿಸಿದರು. "ಈಗ್ಲೇನಾ? ಸೂಪ್ ಇನ್ನೂ ಕುದೀತಿದೆಯಲ್ಲಾ," ಎಂದು ಹೇಳಿ, ನನ್ನ ಪಕ್ಕದಿಂದಲೇ ಹೊರಗೆ ನಡೆದುಬಿಟ್ಟರು. ಕೂಗುತ್ತಾ ಬೀದಿಯವರೆಗೂ ಓಡಿದೆ. ಅವರು ಅಂದೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ.

ಮನೆಯಲ್ಲಿ ಕಾರ್ಯಕ್ರಮ ನೋಡುತ್ತಿದ್ದ ನನ್ನಕ್ಕ ಮಾತ್ರ ಇಂದಿಗೂ ಒಪ್ಪುವುದಿಲ್ಲ. "ಹುಚ್ಚೀ, ಅವ್ರು ಎಲ್ಲೂ ಹೋಗ್ಲಿಲ್ಲ ಕಣೇ. ಕೊನೇವರೆಗೂ ಸೂಪ್ ತಿರುವ್ತಾ ಅಲ್ಲೇ ನಿಂತಿದ್ರು."