ಸೇರಿದವರಿಗೊಂದು, ಸೇರಿಸಿದವರಿಗೊಂದು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಲಿಫ್ಟ್ ಮೆಕ್ಯಾನಿಕ್ಕು ಇನ್‌ಸ್ಪೆಕ್ಟರ್ ಮೇಡಂ ಅವರ ಮೇಜಿನ ಮೇಲೆ ಹೊಚ್ಚ ಹೊಸ ಇಸ್ಪೀಟು ಕಟ್ಟೊಂದನ್ನು ಇಟ್ಟ. ಅವನ ಹೆಂಡತಿ ಬೆಂಚಿನ ತುದಿಯಲ್ಲಿ ಮುಖ ತಿರುಗಿಸಿ ಕೂತಳು.

“ಇದು ಪಾರ್ಸೆಲ್ಲಲ್ಲಿ ಬಂತು. ನಾನು ಜೂಜಾಡಲ್ಲ ಅಂತ ಒಂದು ಚೀಟಿ ಬರೆದುಕೊಡಿ ಮೇಡಂ. ಇವಳು ಮಾತು ಬಿಟ್ಟಿದಾಳೆ.”

ಇನ್‌ಸ್ಪೆಕ್ಟರಿಗೆ ನಗು ಬಂತು.

“ನಮ್ಮಪ್ಪ ಮನೆ ಕಳೆದಿದ್ದು ಇದರಲ್ಲೇ,” ಎಂದು ಹೆಂಡತಿ ಗೋಡೆಗೆ ಹೇಳಿದಳು.

ನಗುವನ್ನು ನುಂಗಿಕೊಂಡ ಇನ್‌ಸ್ಪೆಕ್ಟರು ದೂರು ಬರೆಸಿಕೊಂಡರು. ಪಾರ್ಸೆಲ್ಲಿನಲ್ಲಿದ್ದ ಸ್ವಾಗತದ ಕಾರ್ಡಿನ ಮೇಲೊಂದು ವೆಬ್‌ಸೈಟಿನ ಹೆಸರಿತ್ತು. ಮುಖ್ಯಪೇದೆ ಅದನ್ನು ತೆರೆದು ನೋಡಿದರು. ಪೋಕರ್ ಎಂಬ ಇಸ್ಪೀಟು ಜೂಜು ಆಡಿಸುವವರಿಗೆ ಜನ ಹಿಡಿದುಕೊಡುವ ವ್ಯವಹಾರ ಅದು. ಹೆಸರು ನೋಂದಾಯಿಸಿ ಸೇರಿದವರಿಗೆ ಒಂದು ಉಡುಗೊರೆ, ಸೇರಿಸಿದವರಿಗೆ ಅದಕ್ಕಿಂತ ದೊಡ್ಡದೊಂದು. ಎಫ್‌ಐಆರ್ ದಾಖಲಾಯಿತು.

ನೋಂದಣಿಗೆ ಫೋನಿಗೆ ಬರುವ ಒಟಿಪಿ ಬೇಕು. ಮೆಕ್ಯಾನಿಕ್ಕಿನ ಫೋನಿನಲ್ಲಿ ಸ್ವಾಗತದ ಸಂದೇಶ ಉಳಿದಿತ್ತು: ಎರಡನೇ ತಾರೀಖು, ಮಧ್ಯಾಹ್ನ 3.10.

“ಆಗ ಫೋನ್ ಎಲ್ಲಿತ್ತು?”

“ರಿಪೇರಿಗೆ ಕೊಟ್ಟಿದ್ದೆ. ಗಾಜು ಒಡೆದಿತ್ತು.”

“ಪಾಸ್‌ವರ್ಡು?”

“ಅಂಗಡಿಯವರು ಕೇಳಿದ್ರು, ಹೇಳಿದೆ.”

ಹೆಂಡತಿ ಮೊದಲ ಸಲ ಗಂಡನತ್ತ ತಿರುಗಿದಳು. “ನನಗೆ ಹೇಳಿಲ್ಲ.”

ಮರುದಿನ ಮುಖ್ಯಪೇದೆ ಮಫ್ತಿಯಲ್ಲಿ ಹೋಗಿ, ಚಾರ್ಜ್ ನಿಲ್ಲುತ್ತಿಲ್ಲವೆಂದು ತಮ್ಮ ಫೋನನ್ನೇ ಆ ಅಂಗಡಿಗೆ ಕೊಟ್ಟು ಬಂದರು. ರಿಪೇರಿಯವನನ್ನು ಬೀದಿಯವರೆಲ್ಲ ‘ಡಾಕ್ಟ್ರು’ ಎನ್ನುತ್ತಿದ್ದರು. ಸತ್ತ ಫೋನಿಗೂ ಜೀವ ತರುವ ಕೈ. ಸಂಜೆ ಫೋನು ಗುಣವಾಗಿ ಬಂತು. ಜೊತೆಗೆ ಪೋಕರ್ ಕುಟುಂಬಕ್ಕೆ ಸ್ವಾಗತವೂ ಬಂದಿತ್ತು.

“ನಮ್ಮನೇಲೂ ನೀವೇ ಒಂದು ಮಾತು ಹೇಳಿಬಿಡಿ ಮೇಡಂ,” ಎಂದರು ಮುಖ್ಯಪೇದೆ.

ವಿಷಯ ತಿಳಿಸಲು ಮೆಕ್ಯಾನಿಕ್ಕಿಗೆ ಫೋನ್ ಮಾಡಿದಾಗ ಎತ್ತಿದ್ದು ಅವನ ಹೆಂಡತಿ. “ಇವರಿಗೆ ನಾನೇ ಹೇಳ್ತೀನಿ ಮೇಡಂ,” ಎಂದಳು.

ಬುಧವಾರ ಇನ್‌ಸ್ಪೆಕ್ಟರೇ ಅಂಗಡಿಗೆ ಹೋಗಿ ಕೇಳಿದಾಗ ಡಾಕ್ಟ್ರು ಸುತ್ತಿಬಳಸಲಿಲ್ಲ, ಒಪ್ಪಿಕೊಂಡ.

“ಜನರ ವಿಳಾಸ ಎಲ್ಲಿಂದ ಸಿಕ್ತು?”

“ರಸೀದಿಗೆ ಬರೆಸಿಕೊಂಡಿದ್ದು.”

“ನಿಮಗೆ ಬಂದ ಉಡುಗೊರೆ ಮಾರಿದ್ರಾ?”

“ಇಲ್ಲ. ಮನೇಲಿದಾವೆ. ಅತ್ತೆ ಉಪಯೋಗಿಸ್ತಾರೆ.”

ಅಂಗಡಿಯ ಮೇಲೇ ಎರಡು ಕೋಣೆಯ ಮನೆ. ಜಪ್ತಿಗೆ ಸಾಕ್ಷಿಯಾಗುವ ಪಂಚರಾಗಿ ಪಕ್ಕದ ಟೈಲರನ್ನೂ ಬೇಕರಿಯವರನ್ನೂ ಕರೆದರು. ಆವಿ ಇಸ್ತ್ರಿಪೆಟ್ಟಿಗೆ, ಕಾಫಿ ಯಂತ್ರ, ಕಾಲು ಒತ್ತುವ ಯಂತ್ರ, ಪುಟ್ಟ ಓವನ್ನು. ಎಲ್ಲವನ್ನೂ ಒರೆಸಿ, ಒಂದೊಂದಕ್ಕೂ ಬಟ್ಟೆ ಹೊದಿಸಿಡಲಾಗಿತ್ತು. ಪಂಚನಾಮೆ ಬರೆಯುವಾಗ ಯಾವುದು ಯಾವಾಗ ಬಂತೆಂದು ಅತ್ತೆಯೇ ಹೇಳುತ್ತ ಹೋದರು.

“ಮಗಳು ತೀರಿಹೋದ ಮೇಲೆ ನನಗಿಲ್ಲಿ ಏನು ಕೆಲಸ, ಮಗನ ಮನೆಗೆ ಹೋಗ್ತೀನಿ ಅಂತ ಹೊರಟಿದ್ದೆ. ಅಷ್ಟರಲ್ಲಿ ಈ ಇಸ್ತ್ರಿಪೆಟ್ಟಿಗೆ ಬಂತು. ‘ಇದೆಲ್ಲ ನನಗೆ ಬರಲ್ಲ ಅತ್ತೆ, ನೀವು ಕಲಿತು ನನಗೂ ಹೇಳಿಕೊಟ್ಟು ಹೋಗಿ’ ಅಂದ್ರು. ಅದನ್ನ ಕಲಿಯೋಷ್ಟರಲ್ಲಿ ಇನ್ನೊಂದು ಬಂತು.”

ಇನ್‌ಸ್ಪೆಕ್ಟರು ಡಾಕ್ಟ್ರ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ.

“ನೀವು ನಂಬಿದ್ರಾ ಅಮ್ಮಾ?”

“ಫೋನ್ ಬಿಚ್ಚಿ ಜೋಡಿಸೋರಿಗೆ ಇಸ್ತ್ರಿಪೆಟ್ಟಿಗೆ ಬರಲ್ವಾ?” ಅತ್ತೆ ಕಾಫಿ ಯಂತ್ರದ ಬಟ್ಟೆಯನ್ನು ಮಡಚಿಟ್ಟರು. “ನಾನೂ ನಿಧಾನಕ್ಕೇ ಕಲೀತಿದ್ದೆ. ಇವೆಲ್ಲ ಎಲ್ಲಿಂದ ಬರ್ತವೆ ಅಂತ ಕೇಳಬೇಕಿತ್ತು, ಕೇಳಲಿಲ್ಲ.”

ಜಪ್ತಿಯಾದ ವಸ್ತುಗಳು ಜೀಪಿಗೆ ಇಳಿದವು. ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು ಉಳಿದವು. ಸಂಜೆ 6.20ಕ್ಕೆ ಬಂಧನವಾಯಿತು. ಮೆಟ್ಟಿಲ ಬಳಿ ಡಾಕ್ಟ್ರು ನಿಂತ.

“ಅತ್ತೆ, ಈಗ ಮನೇಲಿ ಏನೂ ಇಲ್ಲ. ಇರ್ತೀರಾ?”

“ಬೀಗದ ಕೈ ಕೊಡಿ,” ಎಂದರು ಅತ್ತೆ.

ಠಾಣೆಯ ಡೈರಿಯಲ್ಲಿ ಅಪರಾಧದ ಉದ್ದೇಶ ಬರೆಯುವ ಕಡೆ ಇನ್‌ಸ್ಪೆಕ್ಟರು ‘ಲಾಭ’ ಎಂದು ಬರೆದು ಹೊಡೆದುಹಾಕಿದರು. ಕೆಳಗೆ ಬರೆದರು: ‘ಮನೆಯವರನ್ನು ಮನೆಯಲ್ಲೇ ಉಳಿಸಿಕೊಳ್ಳಲು.’